‘ಕೊಮಾಂದಾಂತೆ’: ಒಂದು ಸ್ಪ್ಯಾನಿಷ್ ಸೇನಾಪದವಿಯ ಅರ್ಥ ಮತ್ತು ಪ್ರಯೋಗ

೧

ಇತಿಹಾಸವನ್ನು ಬೋಧಿಸುವವರಿಗೆ ಅರಸರ ಹೆಸರುಗಳೂ ಯುದ್ಧಗಳ ಇಸವಿಗಳೂ ಕೊಡದಷ್ಟು ತೊಡಕನ್ನು ಪದವಿಗಳ ಹೆಸರುಗಳು ಕೊಡುತ್ತವೆ. ಪದವಿಯ ಹೆಸರು ಅರ್ಥವುಳ್ಳ ಒಂದು ಶಬ್ದವೂ ಹೌದು, ಶ್ರೇಣಿಯೊಂದರಲ್ಲಿ ಒಂದು ಸ್ಥಾನವೂ ಹೌದು. ಶಬ್ದದ ಅರ್ಥವು ನಿಘಂಟಿನಲ್ಲಿ ದೊರೆಯುತ್ತದೆ. ಸ್ಥಾನವು ಯಾವುದೆಂಬುದನ್ನು ತಿಳಿಯಬೇಕಾದರೆ ಆ ಶ್ರೇಣಿಯಲ್ಲಿ ಅದರ ಮೇಲೆ ಯಾರಿದ್ದರು, ಕೆಳಗೆ ಯಾರಿದ್ದರು ಎಂಬುದನ್ನು ವಿಚಾರಿಸಬೇಕಾಗುತ್ತದೆ. ಈ ಎರಡನೆಯ ಕೆಲಸವನ್ನು ಬಿಟ್ಟು ಮೊದಲನೆಯದರಲ್ಲಿಯೇ ತೃಪ್ತರಾದ ಭಾಷಾಂತರಕಾರರಿಂದ ನಮ್ಮ ಇತಿಹಾಸ ಗ್ರಂಥಗಳಲ್ಲಿ ಅನೇಕ ವಿಪರೀತಾರ್ಥಗಳು ಸೇರಿಕೊಂಡಿವೆ.

ಕೆಲವು ವರ್ಷಗಳ ಹಿಂದೆ ನಾನು ಲ್ಯಾಟಿನ್ ಅಮೆರಿಕದ ಆಧುನಿಕ ಇತಿಹಾಸವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ಹೀಗೆ ಕೇಳಿದಳು: “ಕ್ಯೂಬಾದ ಸರ್ವಾಧಿಕಾರಿ ಬತಿಸ್ತಾನ ಸೈನ್ಯದಲ್ಲಿ ಜನರಲ್‌ಗಳೂ ಕರ್ನಲ್‌ಗಳೂ ಇದ್ದರು. ಅವರನ್ನು ಸೋಲಿಸಿದವರು ಬರಿಯ ಮೇಜರ್‌ಗಳೇ? ಗೆದ್ದ ಮೇಲಾದರೂ ಅವರು ತಮ್ಮ ಪದವಿಯನ್ನು ಏಕೆ ಹೆಚ್ಚಿಸಿಕೊಳ್ಳಲಿಲ್ಲ?” ಆಕೆ ಓದಿದ್ದ ಪುಸ್ತಕದಲ್ಲಿ ‘ಮೇಜರ್ ಗೆವಾರ’ ಎಂದಿತ್ತು. ಅದೇ ವಿಷಯವನ್ನು ಕುರಿತ ಇನ್ನೊಂದು ಪುಸ್ತಕದಲ್ಲಿ ‘ಕಮಾಂಡರ್ ಗೆವಾರ’ ಎಂದೂ ಮತ್ತೊಂದರಲ್ಲಿ ‘ಸೇನಾಪತಿ ಗೆವಾರ’ ಎಂದೂ ಇರುವುದನ್ನು ನಾನು ನೋಡಿದ್ದೆ. ಮೂರೂ ‘ಕೊಮಾಂದಾಂತೆ’ ಎಂಬ ಒಂದೇ ಸ್ಪ್ಯಾನಿಷ್ ಶಬ್ದದ ಭಾಷಾಂತರಗಳು. ಆ ದಿನ ನಾನು ಕೊಟ್ಟ ಉತ್ತರವು ಆಕೆಗೂ ಸಮಾಧಾನವನ್ನುಂಟುಮಾಡಲಿಲ್ಲ, ನನಗೂ ಮಾಡಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಗೆ ಸಾವಕಾಶವಾಗಿ ಬರೆದ ಉತ್ತರವೆಂದು ವಾಚಕರು ಭಾವಿಸಬಹುದು.

೨

ಮೊದಲು ಶಬ್ದದ ನಿಷ್ಪತ್ತಿಯನ್ನು ನೋಡೋಣ. ಲ್ಯಾಟಿನ್ನಿನಲ್ಲಿ ‘ಮಾನುಸ್’ ಎಂದರೆ ಕೈ. ‘ದಾರೆ’ ಎಂದರೆ ಕೊಡುವುದು. ಇವೆರಡೂ ಸೇರಿ ಆದ ‘ಮಾಂದಾರೆ’ ಎಂಬ ಧಾತುವಿಗೆ ‘ಕೈಗೆ ಒಪ್ಪಿಸು’, ‘ವಹಿಸಿಕೊಡು’ ಎಂಬುದೇ ಮೂಲಾರ್ಥ. ‘ಆಜ್ಞಾಪಿಸು’ ಎಂಬ ಅರ್ಥವು ಅದರಿಂದ ಬೆಳೆದುದು. ಸ್ಪ್ಯಾನಿಷ್ ಭಾಷೆಯ ‘ಮಾಂದಾರ್’ ಎಂಬ ಕ್ರಿಯಾಪದದಲ್ಲಿ ‘ಆಜ್ಞಾಪಿಸು’, ‘ಕಳುಹಿಸು’ ಎಂಬ ಎರಡು ಅರ್ಥಗಳೂ ಇಂದಿಗೂ ಜೀವಂತವಾಗಿವೆ. ಇದೇ ಮೂಲದ ‘ಕೊಮಾಂದಾರ್’ ಎಂಬುದು ಸೈನ್ಯಕ್ಕೆ ಸಂಬಂಧಿಸಿದಂತೆ ‘ದಳವನ್ನು ನಡೆಸು’ ಎಂಬ ಅರ್ಥದಲ್ಲಿ ಪ್ರಯೋಗವಾಗುತ್ತದೆ.

‘ಆಂತೆ’ ಎಂಬುದು ವರ್ತಮಾನ ಕೃದಂತದ ಪ್ರತ್ಯಯ. ಓದುವವನು ‘ಎಸ್ತುದಿಆಂತೆ’, ನಡೆಯುವವನು ‘ಕಾಮಿನಾಂತೆ’, ಪ್ರೀತಿಸುವವನು ‘ಆಮಾಂತೆ’. ಅಂತೆಯೇ ದಳವನ್ನು ನಡೆಸುವವನು ‘ಕೊಮಾಂದಾಂತೆ’. ಸ್ಪ್ಯಾನಿಷ್ ಭಾಷೆಯ ದಕಾರ ತಕಾರಗಳು ದಂತ್ಯಗಳಾದುದರಿಂದ ಈ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ಸುಲಭ. ಇಂಗ್ಲಿಷಿನ ದಾರಿಯಾಗಿ ಬಂದ ‘ಕಮಾಂಡಾಂಟೆ’ ಎಂಬ ರೂಪಕ್ಕಿಂತ ‘ಕೊಮಾಂದಾಂತೆ’ ಎಂಬುದು ಮೂಲೋಚ್ಚಾರಕ್ಕೆ ಸಮೀಪವಾದುದು.

ಕೃದಂತವಾದುದರಿಂದ ಇದಕ್ಕೆ ಲಿಂಗಭೇದವಿಲ್ಲ. ಸ್ತ್ರೀಯನ್ನು ಕುರಿತು ಹೇಳುವಾಗ ಸ್ತ್ರೀಲಿಂಗದ ಉಪಪದವನ್ನು ಸೇರಿಸಿ ‘ಲಾ ಕೊಮಾಂದಾಂತೆ’ ಎಂದರೆ ಸಾಕು. ‘ಕೊಮಾಂದಾಂತಾ’ ಎಂಬ ರೂಪವೂ ಉಂಟು. ಆದರೆ ಹಿಂದೆ ಅದಕ್ಕೆ ಕೊಮಾಂದಾಂತೆಯ ಹೆಂಡತಿ ಎಂಬ ಅರ್ಥವಿತ್ತು. ಈ ರೂಪಕ್ಕೆ ಮುಂದೆ ಎಂತಹ ಸ್ಥಾನ ದೊರೆಯಿತೆಂಬುದನ್ನು ಆರನೆಯ ಭಾಗದಲ್ಲಿ ನೋಡಲಿದ್ದೇವೆ.

೩

ಸ್ಪೇನಿನ ಸೈನ್ಯದಲ್ಲಿ ಈ ಶಬ್ದದ ಸ್ಥಾನವು ಖಚಿತವಾದುದು. ಕ್ಯಾಪ್ಟನ್ನನಿಗೆ ಸಮನಾದ ‘ಕಾಪಿತಾನ್’ ಕೆಳಗೆ, ಲೆಫ್ಟಿನೆಂಟ್ ಕರ್ನಲನಿಗೆ ಸಮನಾದ ‘ತೆನಿಯೆಂತೆ ಕೊರೊನೆಲ್’ ಮೇಲೆ, ಇವರಿಬ್ಬರ ನಡುವೆ ಕೊಮಾಂದಾಂತೆ. ನಮ್ಮ ಸೈನ್ಯದ ಮೇಜರ್ ಪದವಿಗೆ ಇದು ಸರಿಸಮಾನ. ಲಾಂಛನದಿಂದಲೂ ಈ ಸ್ಥಾನವು ತಿಳಿಯುತ್ತದೆ. ‘ಆಲ್ಫೆರೆಸ್’ ಎಂಬ ಕಿರಿಯ ಅಧಿಕಾರಿಗೆ ಆರು ಮೊನೆಗಳ ನಕ್ಷತ್ರ ಒಂದು, ತೆನಿಯೆಂತೆಗೆ ಎರಡು, ಕಾಪಿತಾನನಿಗೆ ಮೂರು. ಅಲ್ಲಿಂದ ಮೇಲೆ ನಕ್ಷತ್ರಕ್ಕೆ ಎಂಟು ಮೊನೆಗಳಾಗಿ, ಕೊಮಾಂದಾಂತೆಗೆ ಒಂದು, ತೆನಿಯೆಂತೆ ಕೊರೊನೆಲ್ಲನಿಗೆ ಎರಡು, ಕೊರೊನೆಲ್ಲನಿಗೆ ಮೂರು. ಹಿರಿಯ ಅಧಿಕಾರಿಗಳ ಪಂಕ್ತಿಯಲ್ಲಿ ಕೊಮಾಂದಾಂತೆಯದು ಮೊದಲ ಮೆಟ್ಟಲು.

ಈ ಶ್ರೇಣಿಯ ಹೆಸರುಗಳಲ್ಲಿ ಸ್ಪೇನಿನ ಇತಿಹಾಸವೇ ಪದರು ಪದರಾಗಿ ಅಡಗಿದೆ. ‘ಆಲ್ಫೆರೆಸ್’ ಎಂಬುದು ಕುದುರೆ ಸವಾರ ಎಂಬರ್ಥದ ‘ಅಲ್ ಫಾರಿಸ್’ ಎಂಬ ಅರಬ್ಬೀ ಶಬ್ದದಿಂದ ಬಂದುದು. ಸ್ಪೇನಿನಲ್ಲಿ ಅರಬರ ಆಳ್ವಿಕೆ ಬಿಟ್ಟುಹೋದ ಗುರುತು ಅದು. ‘ಕೊರೊನೆಲ್’ ಎಂಬುದು ಇಟಲಿಯ ಭಾಷೆಯಿಂದ ಬಂದುದು. ಹದಿನಾರನೆಯ ಶತಮಾನದಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯು ‘ತೆರ್ಸಿಯೊ’ ಎಂಬ ಕಾಲಾಳುದಳಗಳನ್ನು ವ್ಯವಸ್ಥೆಗೊಳಿಸಿದಾಗ ದಳದ ಮುಖ್ಯನಿಗೆ ‘ಮಾಯೆಸ್ತ್ರೆ ದೆ ಕಾಂಪೊ’ ಎಂದೂ ಅವನ ನಂತರದವನಿಗೆ ‘ಸಾರ್ಖೆಂತೊ ಮಾಯೋರ್’ ಎಂದೂ ಹೆಸರಿತ್ತು. ಎರಡನೆಯದರ ಅರ್ಥ ‘ಹಿರಿಯ ಸಾರ್ಜೆಂಟ್’. ಇಂತಹ ಪದವಿಯ ಹೆಸರೇ ಕಾಲಕ್ರಮದಲ್ಲಿ ಸಾರ್ಜೆಂಟ್ ಎಂಬ ಭಾಗವನ್ನು ಕಳಚಿಕೊಂಡು ಇಂಗ್ಲಿಷ್ ಸೈನ್ಯದಲ್ಲಿ ‘ಮೇಜರ್’ ಎಂದಾಗಿ ಉಳಿಯಿತು. ಸ್ಪೇನಿನಲ್ಲಿಯಾದರೋ ಬೆಟಾಲಿಯನ್ನನ್ನು ನಡೆಸುವವನಿಗೆ ಸಲ್ಲುತ್ತಿದ್ದ ‘ಕೊಮಾಂದಾಂತೆ’ ಎಂಬ ಹೆಸರು ಕ್ರಮೇಣ ಆ ಮೆಟ್ಟಲಿಗೆ ನೆಲೆಯಾಗಿ ನಿಂತಿತು. ಇಂದು ಅಲ್ಲಿ ಬೆಟಾಲಿಯನ್ನನ್ನು ನಡೆಸುವವನು ತೆನಿಯೆಂತೆ ಕೊರೊನೆಲ್. ‘ನಡೆಸುವವನು’ ಎಂಬ ಹೆಸರು ಮಾತ್ರ ಅವನ ಕೆಳಗಿನವನಲ್ಲಿ ಉಳಿದುಬಂದಿದೆ.

ಸ್ಪೇನಿನ ಜನರ ಕಿವಿಗೆ ಈ ಶಬ್ದವು ಎಷ್ಟು ಸಾಧಾರಣವಾದುದೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ೧೯೧೬ರಲ್ಲಿ ಮೊರಾಕೊ ದೇಶದ ಯುದ್ಧದಲ್ಲಿ ಗಾಯಗೊಂಡ ಯುವಕ ಫ್ರಾನ್ಸಿಸ್ಕೊ ಫ್ರಾಂಕೊ ಆ ಸೇವೆಗಾಗಿ ಕೊಮಾಂದಾಂತೆಯಾಗಿ ಬಡ್ತಿ ಪಡೆದು ಓವಿಯೆದೊ ನಗರಕ್ಕೆ ಬಂದನು. ಆತನ ಚಿಕ್ಕ ವಯಸ್ಸನ್ನೂ ಗಿಡ್ಡ ದೇಹವನ್ನೂ ಕಂಡ ಅಲ್ಲಿನ ಜನರು ಆತನಿಗೆ ‘ಕೊಮಾಂದಾಂತಿನ್’, ಅಂದರೆ ‘ಪುಟ್ಟ ಕೊಮಾಂದಾಂತೆ’, ಎಂಬ ಅಡ್ಡಹೆಸರನ್ನಿಟ್ಟರು. ಇದೇ ಫ್ರಾಂಕೊ ೧೯೩೬ರಲ್ಲಿ ತನಗೆ ಆರಿಸಿಕೊಂಡ ಬಿರುದುಗಳು ‘ಖೆನೆರಾಲಿಸಿಮೊ’ ಮತ್ತು ‘ಕೌದಿಯೊ’ ಎಂಬುವು. ಮಹಾದಂಡನಾಯಕನೆಂದೂ ಜನನಾಯಕನೆಂದೂ ಕರೆಸಿಕೊಳ್ಳಬಯಸಿದ ಸ್ಪೇನಿನ ಸರ್ವಾಧಿಕಾರಿಗೆ ‘ಕೊಮಾಂದಾಂತೆ’ ಎಂಬುದು ಎಂದೋ ದಾಟಿಹೋದ ಮೆಟ್ಟಲಾಗಿತ್ತು.

ಆ ಅಂತರ್ಯುದ್ಧದಲ್ಲಿಯೇ ಇನ್ನೊಂದು ವಿಶೇಷವನ್ನು ಕಾಣಬಹುದು. ಫ್ರಾಂಕೊವಿನ ಕಡೆಯ ಸೈನ್ಯವು ‘ಕೊಮಾಂದಾಂತೆ’ ಎಂಬ ಹೆಸರನ್ನು ಉಳಿಸಿಕೊಂಡಿತು. ಗಣರಾಜ್ಯದ ಜನಸೇನೆಯು ಅದೇ ಮೆಟ್ಟಲಿಗೆ ‘ಮಾಯೋರ್’ ಎಂಬ ಹೆಸರನ್ನಿಟ್ಟಿತು. ಕೂಲಿಕಾರರ ನಡುವಿನಿಂದ ಎದ್ದುಬಂದ ಎನ್ರಿಕೆ ಲಿಸ್ತೆರ್ ಮೊದಲಾದ ದಳನಾಯಕರು ‘ಮಾಯೋರ್ ದೆ ಮಿಲಿಸಿಯಾಸ್’ ಎಂಬ ಪದವಿಯನ್ನು ದಾಟಿ ಮೇಲೇರಲು ಬಹುಕಾಲ ಅವಕಾಶವಿರಲಿಲ್ಲ. ವೃತ್ತಿಯಿಂದ ಸೈನಿಕನಲ್ಲದವನು ಎಷ್ಟು ಎತ್ತರಕ್ಕೆ ಏರಬಹುದೆಂಬ ಪ್ರಶ್ನೆಗೆ ಆಗಲೇ ಈ ಮೆಟ್ಟಲು ಒಂದು ಗಡಿಯಾಗಿದ್ದುದನ್ನು ಗಮನಿಸಬೇಕು.

೪

ಇದುವರೆಗೆ ಹೇಳಿದುದು ಪದವಿಯ ಮಾತು. ಆದರೆ ಮೂಲಾರ್ಥವು ಸತ್ತಿಲ್ಲವಾದ ಕಾರಣ ಇದೇ ಶಬ್ದವು ಅಧಿಕಾರಸ್ಥಾನವನ್ನೂ ಸೂಚಿಸುತ್ತದೆ. ಯುದ್ಧನೌಕೆಯೊಂದನ್ನು ನಡೆಸುವ ಅಧಿಕಾರಿಯ ಪದವಿ ಯಾವುದೇ ಇರಲಿ, ಆ ನೌಕೆಗೆ ಅವನು ‘ಕೊಮಾಂದಾಂತೆ’. ಪ್ರಯಾಣಿಕರ ವಿಮಾನದ ಮುಖ್ಯ ಚಾಲಕನೂ ‘ಕೊಮಾಂದಾಂತೆ’ಯೇ, ಅವನಿಗೂ ಸೈನ್ಯಕ್ಕೂ ಸಂಬಂಧವಿರಬೇಕಾದುದಿಲ್ಲ. ಚಿಲಿ ದೇಶದಲ್ಲಿ ಬೆಂಕಿ ನಂದಿಸುವ ಸ್ವಯಂಸೇವಕ ದಳದ ಮುಖ್ಯನನ್ನೂ ಹೀಗೆಯೇ ಕರೆಯುತ್ತಾರೆ. ಅದೇ ದೇಶದಲ್ಲಿ ೧೯೭೩ರ ಆಗಸ್ಟಿನಿಂದ ೧೯೯೮ರ ಮಾರ್ಚಿಯವರೆಗೆ ಅಗುಸ್ತೊ ಪಿನೊಚೆತ್ ವಹಿಸಿದ್ದ ಅಧಿಕಾರದ ಹೆಸರು ಭೂಸೈನ್ಯದ ‘ಕೊಮಾಂದಾಂತೆ ಎನ್ ಖೆಫೆ’, ಅಂದರೆ ಸರ್ವ ಸೇನಾಧಿಪತ್ಯ. ಪದವಿಯಿಂದ ಆತನು ಜನರಲ್. ಅಲ್ಲಿ ಕೊಮಾಂದಾಂತೆ ಎಂಬುದನ್ನು ಮೇಜರ್ ಎಂದು ಭಾಷಾಂತರಿಸಿದವನು ಒಬ್ಬ ಜನರಲ್ಲನನ್ನು ನಾಲ್ಕಾರು ಮೆಟ್ಟಲು ಕೆಳಗೆ ಇಳಿಸಿದಂತಾಗುತ್ತದೆ.

ಅಮೆರಿಕ ಖಂಡದ ಸ್ಪ್ಯಾನಿಷ್ ದೇಶಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಮೆಕ್ಸಿಕೊ, ಕೊಲಂಬಿಯ, ಅರ್ಜೆಂಟೀನ, ಚಿಲಿ ದೇಶಗಳ ಭೂಸೈನ್ಯಗಳಲ್ಲಿ ಕ್ಯಾಪ್ಟನ್ನನ ಮೇಲಿನ ಪದವಿಗೆ ‘ಮಾಯೋರ್’ ಎಂಬುದೇ ಹೆಸರು. ಪೆರು ದೇಶದ ಪೊಲೀಸ್ ದಳದಲ್ಲಿ ಮಾಯೋರ್ ಎಂಬುದೂ ಉಂಟು, ಅದರ ಮೇಲೆ ಕೊಮಾಂದಾಂತೆ ಎಂಬುದೂ ಉಂಟು. ಹೀಗಾಗಿ ಅಲ್ಲಿನ ಕೊಮಾಂದಾಂತೆ ಲೆಫ್ಟಿನೆಂಟ್ ಕರ್ನಲನಿಗೆ ಸಮಾನ. ಅರ್ಜೆಂಟೀನದ ಗಡಿರಕ್ಷಣಾ ದಳದಲ್ಲಿ ಕೊಮಾಂದಾಂತೆ ಎಂಬ ಹೆಸರಿನಿಂದಲೇ ಹಲವು ಪದವಿಗಳನ್ನು ಮಾಡಿಕೊಂಡಿದ್ದಾರೆ.

ಇಂತಹ ಏರಿಳಿತಗಳು ನಮಗೆ ಹೊಸವಲ್ಲ. ವಿಜಯನಗರದ ಕಾಲದಲ್ಲಿ ‘ನಾಯಕ’ ಎಂದರೆ ನಾಡನ್ನು ಅನುಭವಿಸಿ ಸೈನ್ಯವನ್ನು ಒದಗಿಸುತ್ತಿದ್ದ ಸಾಮಂತ. ಕೆಳದಿ ಚಿತ್ರದುರ್ಗಗಳಲ್ಲಿ ನಾಯಕನೆಂದರೆ ಅರಸನೇ. ಭಾರತದ ಸೈನ್ಯದಲ್ಲಿ ‘ನಾಯಕ್’ ಎಂಬುವನು ಹವಾಲ್ದಾರನಿಗಿಂತ ಕೆಳಗಿನವನು. ಮೊಗಲರ ಸುಬೇದಾರನು ಒಂದು ಪ್ರಾಂತ್ಯವನ್ನೇ ಆಳಿದನು. ಇಂದಿನ ಸುಬೇದಾರನು ಆಳುವುದು ಕೆಲವು ಹತ್ತು ಸಿಪಾಯಿಗಳನ್ನು. ಮದಕರಿನಾಯಕನ ಹೆಸರಿನ ಕೊನೆಯ ಶಬ್ದವನ್ನು ಇಂದಿನ ಸೈನ್ಯದ ಪಟ್ಟಿಯಿಂದ ಅರ್ಥಮಾಡಿಕೊಂಡ ಪರದೇಶದ ವಿದ್ವಾಂಸನನ್ನು ಕಂಡು ನಾವು ನಗುವೆವು. ‘ಮೇಜರ್ ಗೆವಾರ’ ಎಂದು ಬರೆದ ನಮ್ಮನ್ನು ಕಂಡು ಹವಾನಾದ ವಿದ್ಯಾರ್ಥಿಯು ನಕ್ಕರೆ ಅದಕ್ಕೂ ಇಷ್ಟೇ ನ್ಯಾಯವುಂಟು.

೫

ಪದವಿ, ಅಧಿಕಾರಸ್ಥಾನ ಎಂಬ ಈ ಎರಡು ಅರ್ಥಗಳ ಹೊರಗೆ ಮೂರನೆಯದೊಂದು ಅರ್ಥವು ಅಮೆರಿಕದ ನೆಲದಲ್ಲಿ ಬೆಳೆಯಿತು. ಅದರ ಬೀಜವು ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಅರ್ಜೆಂಟೀನದ ಲೇಖಕ ದೊಮಿಂಗೊ ಸಾರ್ಮಿಯೆಂತೊ ೧೮೪೫ರಲ್ಲಿ ಪ್ರಕಟಿಸಿದ ‘ಫಾಕುಂದೊ’ ಎಂಬ ಗ್ರಂಥದಲ್ಲಿ ‘ಕೊಮಾಂದಾಂತೆ ದೆ ಕಾಂಪಾನ್ಯಾ’ ಎಂಬ ಹುದ್ದೆಯ ವಿವೇಚನೆಯಿದೆ. ಕಾಂಪಾನ್ಯಾ ಎಂದರೆ ನಗರದಾಚೆಯ ಬಯಲುಸೀಮೆ. ಆ ಬಯಲಿನಲ್ಲಿ ನಗರದ ಸರಕಾರದ ಮಾತು ನಡೆಯುತ್ತಿರಲಿಲ್ಲ. ಆದುದರಿಂದ ಯಾರನ್ನು ಕಂಡರೆ ನಗರಕ್ಕೆ ಭಯವೋ ಅವನಿಗೇ ಈ ಹುದ್ದೆಯನ್ನು ಕೊಟ್ಟು ಅವನನ್ನು ತನ್ನ ಕಡೆಗೆ ಒಲಿಸಿಕೊಳ್ಳಲು ಸರಕಾರವು ಯತ್ನಿಸುತ್ತಿತ್ತೆಂದೂ, ಹುದ್ದೆಯನ್ನು ಪಡೆದವನು ಕಡೆಗೆ ಆ ಸರಕಾರವನ್ನೇ ಉರುಳಿಸುತ್ತಿದ್ದನೆಂದೂ ಸಾರ್ಮಿಯೆಂತೊ ವಾದಿಸುತ್ತಾನೆ. ಗ್ರಂಥದ ನಾಯಕನಾದ ಫಾಕುಂದೊ ಕಿರೋಗನೇ ಇಂತಹ ಒಬ್ಬ ಕೊಮಾಂದಾಂತೆ. ಮುಂದೆ ತಾನೇ ಅರ್ಜೆಂಟೀನದ ರಾಷ್ಟ್ರಾಧ್ಯಕ್ಷನಾದ ಲೇಖಕನು ನಗರದ ಪಕ್ಷಪಾತಿಯೆಂಬುದನ್ನು ಮರೆಯಬಾರದು. ಆದರೂ ಸೈನ್ಯದ ಶ್ರೇಣಿಗೆ ಸೇರದೆ, ನೆಲದ ಮೇಲಿನ ಬಲದಿಂದಲೇ ದೊರೆಯುವ ಕೊಮಾಂದಾಂತೆಪಟ್ಟ ಒಂದುಂಟೆಂಬುದು ಆತನ ವಿವರಣೆಯಿಂದ ಸ್ಪಷ್ಟವಾಗುತ್ತದೆ.

ಆದರೆ ಈ ಅರ್ಥವು ಕೂಡಲೇ ಮೇಲಕ್ಕೆ ಬರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೂ ಬಂಡಾಯದ ನಾಯಕರೆಲ್ಲರೂ ಧರಿಸಿದ ಪದವಿ ‘ಖೆನೆರಾಲ್’, ಅಂದರೆ ಜನರಲ್. ಸ್ಪೇನಿನ ವಿರುದ್ಧ ಹೋರಾಡಿದ ಕ್ಯೂಬಾದ ಮಾಕ್ಸಿಮೊ ಗೊಮೆಸ್, ಆಂತೋನಿಯೊ ಮಾಸೆಯೊ ಇಬ್ಬರೂ ಜನರಲ್‌ಗಳು. ಕವಿ ಹೊಸೆ ಮಾರ್ತಿಗೆ ೧೮೯೫ರಲ್ಲಿ ರಣರಂಗಕ್ಕೆ ಬಂದೊಡನೆ ಮೇಜರ್ ಜನರಲ್ ಪದವಿಯನ್ನು ಕೊಡಲಾಯಿತು. ಕೆಲವೇ ವಾರಗಳಲ್ಲಿ ಆತನು ಮಡಿದನು. ಮೆಕ್ಸಿಕೊದ ಸಪಾತಾ, ವಿಯ್ಯಾ ಇವರೂ ಜನರಲ್‌ಗಳೇ. ನಿಕರಾಗುವದಲ್ಲಿ ಅಮೆರಿಕದ ಸೈನ್ಯವನ್ನೆದುರಿಸಿದ ಸಾಂದಿನೊ ಕೂಡ ಜನರಲ್. ೧೯೫೯ರ ಅನಂತರ ಹುಟ್ಟಿದ ಬಂಡಾಯಗಳಲ್ಲಿಯಾದರೋ ಎಲ್ಲಿ ನೋಡಿದರೂ ಕೊಮಾಂದಾಂತೆಗಳು. ಈ ಬದಲಾವಣೆಗೆ ಕಾರಣವಾದುದು ಕ್ಯೂಬಾದ ಕ್ರಾಂತಿ.

೧೯೫೬ರ ಡಿಸೆಂಬರ್ ೨ರಂದು ‘ಗ್ರಾನ್ಮಾ’ ಎಂಬ ದೋಣಿಯಿಂದ ಎಂಬತ್ತೆರಡು ಜನರು ಕ್ಯೂಬಾದ ದಡಕ್ಕಿಳಿದರು. ಅವರಲ್ಲಿ ಉಳಿದವರು ಬೆಟ್ಟ ಸೇರಿ ಕಟ್ಟಿದ ಬಂಡಾಯ ಸೇನೆಯ ಅಧಿಕಾರಿಗಳಿಗೆ ಇದ್ದುದು ಮೂರೇ ಮೆಟ್ಟಲುಗಳು: ತೆನಿಯೆಂತೆ, ಕಾಪಿತಾನ್, ಕೊಮಾಂದಾಂತೆ. ಅಲ್ಲಿಗೆ ಏಣಿ ಮುಗಿಯಿತು. ಅದರ ಮೇಲೆ ಯಾರೂ ಇರಲಿಲ್ಲ. ಸರ್ವ ಸೇನಾಧಿಪತಿಯಾದ ಫಿಡೆಲ್ ಕ್ಯಾಸ್ಟ್ರೊ ಕೂಡ ಪದವಿಯಿಂದ ಕೊಮಾಂದಾಂತೆಯೇ.

ದಳದ ವೈದ್ಯನಾಗಿ ಬಂದಿದ್ದ ಅರ್ಜೆಂಟೀನದ ಎರ್ನೆಸ್ತೊ ಗೆವಾರನಿಗೆ ಈ ಪದವಿಯು ೧೯೫೭ರ ಜುಲೈಯಲ್ಲಿ ದೊರೆಯಿತು. ಅದು ದೊರೆತ ರೀತಿಯನ್ನು ಆತನೇ ತನ್ನ ಯುದ್ಧಸ್ಮರಣೆಗಳಲ್ಲಿ ಬರೆದಿದ್ದಾನೆ. ಸಾಂತಿಯಾಗೊ ನಗರದಲ್ಲಿ ಗುಪ್ತವಾಗಿ ಕೆಲಸ ಮಾಡುತ್ತಿದ್ದ ಫ್ರಾಂಕ್ ಪಾಯಿಸನ ತಮ್ಮನು ಕೊಲೆಯಾದಾಗ ಅಧಿಕಾರಿಗಳೆಲ್ಲರೂ ಸೇರಿ ಒಂದು ಸಂತಾಪಪತ್ರವನ್ನು ಬರೆದರು. ಸಹಿ ಮಾಡುವವರು ತಂತಮ್ಮ ಪದವಿಯನ್ನೂ ಬರೆಯಬೇಕಾಗಿತ್ತು. ಗೆವಾರನ ಸರದಿ ಬಂದಾಗ ಕ್ಯಾಸ್ಟ್ರೊ ಅವನ ಹೆಸರಿನ ಎದುರಿಗೆ ‘ಕೊಮಾಂದಾಂತೆ’ ಎಂದು ಹಾಕುವಂತೆ ಹೇಳಿದನು. ಬಡ್ತಿಯ ಸಮಾರಂಭವೆಂದರೆ ಅಷ್ಟೇ. ಲಾಂಛನವಾದ ಪುಟ್ಟ ನಕ್ಷತ್ರವೊಂದನ್ನು ಸೇಲಿಯಾ ಸಾಂಚೆಸ್ ಎಂಬ ಕಾರ್ಯಕರ್ತೆಯು ಒಂದು ಕೈಗಡಿಯಾರದೊಡನೆ ತಂದುಕೊಟ್ಟಳು. ಅನಂತರ ಆತನು ತಲೆಯ ಟೋಪಿಯಲ್ಲಿ ಧರಿಸಿದ ನಕ್ಷತ್ರವು ಈ ಪದವಿಯದೇ. ೧೯೬೦ರ ಮಾರ್ಚಿ ೫ರಂದು ಆಲ್ಬೆರ್ತೊ ಕೊರ್ದಾ ತೆಗೆದ ಛಾಯಾಚಿತ್ರದಿಂದ ಅದು ಲೋಕಪ್ರಸಿದ್ಧವಾಯಿತು. ನಮ್ಮ ಪೇಟೆಗಳಲ್ಲಿ ಮಾರುವ ಅಂಗಿಗಳ ಮೇಲೆಯೂ ಇರುವ ಆ ನಕ್ಷತ್ರವನ್ನು ನೋಡುವವರು ಬಹುಮಂದಿ. ಅದು ಒಂದು ಸೇನಾಪದವಿಯ ಗುರುತೆಂದು ಬಲ್ಲವರು ಕಡಮೆ.

ಬತಿಸ್ತಾನ ಸೈನ್ಯದಲ್ಲಿಯೂ ಕೊಮಾಂದಾಂತೆ ಎಂಬ ಪದವಿಯಿತ್ತು. ಅಲ್ಲಿ ಅದು ಮೇಜರನ ಮೆಟ್ಟಲು. ೧೯೫೮ರ ಜುಲೈಯಲ್ಲಿ ಎಲ್ ಹೀಗೆ ಎಂಬಲ್ಲಿ ಮುತ್ತಿಗೆಗೆ ಸಿಕ್ಕಿದ ಸರಕಾರದ ಬೆಟಾಲಿಯನ್ನಿನ ಮುಖ್ಯ ಕೊಮಾಂದಾಂತೆ ಹೊಸೆ ಕೆವೇದೊ, ಕೊಮಾಂದಾಂತೆ ಫಿಡೆಲ್ ಕ್ಯಾಸ್ಟ್ರೊವಿಗೆ ಶರಣಾದನು. ಶಬ್ದವು ಒಂದೇ, ಭಾಷೆಯು ಒಂದೇ, ದೇಶವೂ ಒಂದೇ. ಆದರೆ ಒಬ್ಬನ ಮೇಲೆ ಕರ್ನಲ್‌ಗಳ ಜನರಲ್‌ಗಳ ಸಾಲೇ ಇತ್ತು, ಇನ್ನೊಬ್ಬನ ಮೇಲೆ ಯಾರೂ ಇರಲಿಲ್ಲ. ಆರು ತಿಂಗಳ ಅನಂತರ, ೧೯೫೯ರ ಜನವರಿಯ ಆದಿಯಲ್ಲಿ, ಹವಾನಾದ ಮುಖ್ಯ ಸೈನಿಕ ನೆಲೆಯನ್ನು ಕರ್ನಲ್ ರಾಮೋನ್ ಬಾರ್ಕಿನ್ ಎಂಬುವನು ಕೊಮಾಂದಾಂತೆ ಕಾಮಿಲೊ ಸಿಯೆನ್‌ಫುಯೆಗೋಸನಿಗೆ ವಹಿಸಿಕೊಟ್ಟನು. ‘ಕರ್ನಲನು ಮೇಜರನಿಗೆ ವಹಿಸಿಕೊಟ್ಟನು’ ಎಂದು ಇದನ್ನು ಭಾಷಾಂತರಿಸಿದರೆ ಇತಿಹಾಸವು ಒಗಟಾಗುತ್ತದೆ.

ವಿದ್ಯಾರ್ಥಿನಿಯ ಪ್ರಶ್ನೆಯ ಉತ್ತರಾರ್ಧಕ್ಕೆ ಈಗ ಬರಬಹುದು. ಗೆದ್ದವರು ತಮ್ಮನ್ನು ಜನರಲ್‌ಗಳೆಂದು ಏಕೆ ಕರೆದುಕೊಳ್ಳಲಿಲ್ಲ? ಅವರು ಸೋಲಿಸಿದ ಬತಿಸ್ತಾ ೧೯೩೩ರ ಸೆಪ್ಟೆಂಬರಿನಲ್ಲಿ ಒಬ್ಬ ಸಾರ್ಜೆಂಟ್ ಆಗಿ ದಂಗೆಯೆದ್ದು, ಕೆಲವೇ ದಿನಗಳಲ್ಲಿ ಕರ್ನಲನಾಗಿ, ಬಳಿಕ ಜನರಲ್ಲನಾದವನು. ಪದವಿಯ ಏಣಿಯನ್ನು ಹತ್ತುವುದೇ ರಾಜ್ಯವನ್ನು ಹಿಡಿಯುವ ದಾರಿಯೆಂಬುದಕ್ಕೆ ಆತನು ಜೀವಂತ ನಿದರ್ಶನ. ಆತನನ್ನು ಇಳಿಸಿದವರಿಗೆ ಜನರಲ್ ಎಂಬ ಶಬ್ದವು ಹಳೆಯ ವ್ಯವಸ್ಥೆಯ ಗುರುತಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನನ್ನ ಅಭಿಪ್ರಾಯದಲ್ಲಿ, ಏಣಿಯ ಮಧ್ಯದ ಮೆಟ್ಟಲೊಂದರಲ್ಲಿ ನಿಂತು ಅದರ ಮೇಲಿನ ಮೆಟ್ಟಲುಗಳನ್ನೇ ಕಡಿದುಹಾಕಿದುದು ಆ ಕ್ರಾಂತಿಯ ಒಂದು ಘೋಷಣೆ. ಭಾಷಾಂತರಕಾರನು ‘ಮೇಜರ್’ ಎಂದು ಬರೆದಾಗ ಕಡಿದ ಮೆಟ್ಟಲುಗಳು ಮತ್ತೆ ಬಂದು ಕೂಡಿಕೊಳ್ಳುತ್ತವೆ. ಅಮೆರಿಕದ ಪತ್ರಿಕೆಗಳು ಆ ವರ್ಷಗಳಲ್ಲಿ ಮೇಜರ್ ಗೆವಾರ ಎಂದೇ ಬರೆದವು. ಇಂಗ್ಲಿಷಿನಿಂದ ತೆಗೆದುಕೊಂಡ ನಾವೂ ಹಾಗೆಯೇ ಬರೆದೆವು.

ಪದವಿಯು ಎಷ್ಟು ಬೆಲೆಯುಳ್ಳದ್ದಾಗಿತ್ತೆಂಬುದು ಅದನ್ನು ತ್ಯಜಿಸಿದ ರೀತಿಯಿಂದ ತಿಳಿಯುತ್ತದೆ. ೧೯೫೯ರ ಜುಲೈ ೧ರಂದು ದೆಹಲಿಯಲ್ಲಿ ನೆಹರೂ ಅವರನ್ನು ಕಂಡ ಕ್ಯೂಬಾದ ನಿಯೋಗದ ಮುಖ್ಯಸ್ಥನಾದ ಗೆವಾರ ಆಗ ಮಂತ್ರಿಯಾಗಿರಲಿಲ್ಲ. ಕೊಮಾಂದಾಂತೆ ಎಂಬುದೇ ಆತನ ಪರಿಚಯ. ೧೯೬೫ರಲ್ಲಿ ಕ್ಯೂಬಾವನ್ನು ಬಿಡುವಾಗ ಬರೆದ ವಿದಾಯಪತ್ರದಲ್ಲಿ ಆತನು ತೊರೆದ ವಸ್ತುಗಳು ನಾಲ್ಕು: ಪಕ್ಷದ ನಾಯಕತ್ವದಲ್ಲಿದ್ದ ಸ್ಥಾನ, ಮಂತ್ರಿಪದ, ಕೊಮಾಂದಾಂತೆಯ ಪದವಿ, ಕ್ಯೂಬಾದ ಪೌರತ್ವ. ಕ್ಯಾಸ್ಟ್ರೊ ಆ ಪತ್ರವನ್ನು ಅಕ್ಟೋಬರ್ ೩ರಂದು ಬಹಿರಂಗವಾಗಿ ಓದಿದನು. ಆದರೆ ಜನರು ಆತನಿಂದ ಆ ಪದವಿಯನ್ನು ಹಿಂದೆಗೆದುಕೊಳ್ಳಲಿಲ್ಲ. ೧೯೬೭ರ ಅಕ್ಟೋಬರ್ ೯ರಂದು ಬೊಲಿವಿಯದಲ್ಲಿ ಕೊಲ್ಲಲ್ಪಟ್ಟ ಅನಂತರವೂ ಆತನು ಕೊಮಾಂದಾಂತೆಯಾಗಿಯೇ ಉಳಿದನು.

ಈ ಹೆಸರು ಎಲ್ಲರನ್ನೂ ಕಾಪಾಡಲಿಲ್ಲವೆಂಬುದನ್ನೂ ಹೇಳಬೇಕು. ಕಾಮಾಗುಯೆಯ್ ಪ್ರಾಂತ್ಯದ ಕೊಮಾಂದಾಂತೆ ಊಬೆರ್ ಮಾತೋಸ್ ಸರಕಾರದ ದಾರಿಯನ್ನು ಒಪ್ಪದೆ ೧೯೫೯ರ ಅಕ್ಟೋಬರಿನಲ್ಲಿ ರಾಜೀನಾಮೆಯನ್ನಿತ್ತು, ಅದಕ್ಕಾಗಿ ಇಪ್ಪತ್ತು ವರ್ಷಗಳ ಸೆರೆವಾಸವನ್ನು ಅನುಭವಿಸಿದನು. ಕಡಿದ ಮೆಟ್ಟಲುಗಳೂ ಶಾಶ್ವತವಾಗಿ ಇಲ್ಲವಾಗಲಿಲ್ಲ. ೧೯೭೦ರ ದಶಕದಲ್ಲಿ ಕ್ಯೂಬಾದ ಸೈನ್ಯವು ಇತರ ದೇಶಗಳಂತೆ ಪದವಿಗಳನ್ನು ಏರ್ಪಡಿಸಿಕೊಂಡಿತು. ರಾವುಲ್ ಕ್ಯಾಸ್ಟ್ರೊ ೧೯೭೬ರಲ್ಲಿ ಸೈನ್ಯದ ಜನರಲ್ಲನಾದನು. ೨೦೧೬ರಲ್ಲಿ ತೀರಿಕೊಂಡ ಫಿಡೆಲನಾದರೋ ಕೊನೆಯವರೆಗೂ ‘ಕೊಮಾಂದಾಂತೆ’ಯಾಗಿಯೇ ಇದ್ದನು. ಆ ವೇಳೆಗೆ ಶಬ್ದವು ಪದವಿಯ ಅರ್ಥವನ್ನು ಬಿಟ್ಟು ಒಬ್ಬನೇ ವ್ಯಕ್ತಿಯ ಹೆಸರಿನಂತಾಗಿತ್ತು.

೬

ಕ್ಯೂಬಾದಿಂದ ಈ ಶಬ್ದವು ಖಂಡದ ಉದ್ದಗಲಕ್ಕೂ ಸಂಚರಿಸಿತು. ಅದರ ಎರಡು ನೆಲೆಗಳನ್ನು ಮಾತ್ರ ಇಲ್ಲಿ ವಿಚಾರಿಸೋಣ.

೧೯೭೮ರ ಆಗಸ್ಟ್ ೨೨ರಂದು ನಿಕರಾಗುವದ ಸಾಂದಿನಿಸ್ತಾ ಬಂಡಾಯಗಾರರು ರಾಜಧಾನಿಯ ರಾಷ್ಟ್ರೀಯ ಅರಮನೆಯನ್ನು ವಶಪಡಿಸಿಕೊಂಡಾಗ ನಾಯಕರು ತಮ್ಮ ಹೆಸರುಗಳನ್ನು ಮರೆಸಿ ಅಂಕಿಗಳನ್ನಿಟ್ಟುಕೊಂಡಿದ್ದರು. ಎದೆನ್ ಪಾಸ್ತೊರಾ ‘ಕೊಮಾಂದಾಂತೆ ಸೊನ್ನೆ’, ಹ್ಯೂಗೊ ತೊರ್ರೆಸ್ ‘ಕೊಮಾಂದಾಂತೆ ಒಂದು’, ಇಪ್ಪತ್ತೆರಡು ವಯಸ್ಸಿನ ದೋರಾ ಮರಿಯಾ ತೆಯ್ಯೆಸ್ ‘ಕೊಮಾಂದಾಂತೆ ಎರಡು’. ೧೯೭೯ರ ಜುಲೈಯಲ್ಲಿ ಅವರು ಗೆದ್ದ ಮೇಲೆ ಪಕ್ಷದ ಒಂಬತ್ತು ಜನ ನಾಯಕರಿಗೆ ‘ಕ್ರಾಂತಿಯ ಕೊಮಾಂದಾಂತೆ’ ಎಂಬ ಬಿರುದೂ, ಇತರ ಪ್ರಮುಖರಿಗೆ ‘ಗೆರಿಲ್ಲಾ ಕೊಮಾಂದಾಂತೆ’ ಎಂಬ ಬಿರುದೂ ಸಂದಿತು. ಮೆಟ್ಟಲುಗಳನ್ನು ಇಲ್ಲವೆನಿಸಲು ಬಂದ ಶಬ್ದದೊಳಗೇ ಮೆಟ್ಟಲುಗಳು ಹುಟ್ಟಿದುವು. ಆ ಒಂಬತ್ತು ಜನರಲ್ಲೊಬ್ಬನಾದ ದಾನಿಯೆಲ್ ಓರ್ತೆಗಾ ಮುಂದೆ ಮರಳಿ ಅಧ್ಯಕ್ಷನಾದ ಕಾಲದಲ್ಲಿ, ೨೦೨೧ರಲ್ಲಿ, ಕೊಮಾಂದಾಂತೆ ಒಂದು ಮತ್ತು ಎರಡು ಇಬ್ಬರೂ ಬಂಧನಕ್ಕೊಳಗಾದರು. ತೊರ್ರೆಸ್ ೨೦೨೨ರ ಫೆಬ್ರವರಿಯಲ್ಲಿ ಬಂಧನದಲ್ಲಿದ್ದಾಗಲೇ ಮಡಿದನು. ತೆಯ್ಯೆಸಳನ್ನು ೨೦೨೩ರಲ್ಲಿ ಪೌರತ್ವವನ್ನು ಕಸಿದು ಗಡೀಪಾರು ಮಾಡಲಾಯಿತು. ಒಂದೇ ಬಿರುದನ್ನು ಹೊತ್ತವರ ನಡುವೆ ಕಡೆಗೆ ನಿಂತುದು ಸೆರೆಮನೆಯ ಗೋಡೆ.

ಮೆಕ್ಸಿಕೊದ ದಕ್ಷಿಣದ ಚಿಯಾಪಾಸ್ ಪ್ರಾಂತ್ಯದಲ್ಲಿ ಈ ಶಬ್ದವು ಬೇರೊಂದು ದಾರಿಯನ್ನು ಹಿಡಿಯಿತು. ೧೯೯೪ರ ಜನವರಿ ೧ರಂದು ಸಾನ್ ಕ್ರಿಸ್ತೋಬಲ್ ಮೊದಲಾದ ಪಟ್ಟಣಗಳನ್ನು ಹಿಡಿದ ಸಪಾತಿಸ್ತಾ ಸೇನೆಯ ಪರವಾಗಿ ಮಾತನಾಡಿದವನು, ಮುಖವನ್ನು ಮುಚ್ಚಿಕೊಂಡಿದ್ದ ‘ಸುಬ್ ಕೊಮಾಂದಾಂತೆ’ ಮಾರ್ಕೋಸ್. ‘ಸುಬ್’ ಎಂದರೆ ನಮ್ಮ ‘ಉಪ’. ಇಷ್ಟು ಪ್ರಸಿದ್ಧನಾದವನು ‘ಉಪ’ನೇಕೆ? ಕೊಮಾಂದಾಂತೆಗಳು ಆ ನಾಡಿನ ಮೂಲನಿವಾಸಿಗಳ ಸಮಿತಿಗೆ ಸೇರಿದವರು. ಹೊರಗಿನಿಂದ ಬಂದ ಮಾರ್ಕೋಸ್ ಅವರ ಅಧೀನನು. ಆ ಕೊಮಾಂದಾಂತೆಗಳಲ್ಲಿ ಹೆಂಗಸರೂ ಇದ್ದರು. ಹಿಂದೆ ‘ಕೊಮಾಂದಾಂತೆಯ ಹೆಂಡತಿ’ ಎಂಬರ್ಥವಿದ್ದ ‘ಕೊಮಾಂದಾಂತಾ’ ಎಂಬ ರೂಪವು ಇಲ್ಲಿ ಸ್ವತಃ ಅಧಿಕಾರವುಳ್ಳವಳ ಹೆಸರಾಯಿತು. ತ್ಸೋತ್ಸಿಲ್ ಜನಾಂಗದ ಕೊಮಾಂದಾಂತಾ ರಾಮೋನಾ ಅವರಲ್ಲಿ ಮೊದಲು ಪ್ರಸಿದ್ಧ್ಧಿಗೆ ಬಂದವಳು. ೨೦೦೧ರ ಮಾರ್ಚಿ ೨೮ರಂದು ಮೆಕ್ಸಿಕೊದ ಸಂಸತ್ತಿನ ವೇದಿಕೆಯಿಂದ ಮಾತನಾಡಿದವಳು ಕೊಮಾಂದಾಂತಾ ಎಸ್ತೆರ್. ಮಾರ್ಕೋಸ್ ಮಾತನಾಡುವನೆಂದು ಕಾದಿದ್ದವರು ಅಂದು ‘ಉಪ’ ಎಂಬ ಪ್ರತ್ಯಯದ ಅರ್ಥವನ್ನು ಕಣ್ಣಾರೆ ಕಂಡರು. ೨೦೨೩ರಲ್ಲಿ ಆತನು ಇನ್ನೂ ಒಂದು ಮೆಟ್ಟಲಿಳಿದು ‘ಕಾಪಿತಾನ್’ ಎಂದು ಸಹಿ ಮಾಡಲಾರಂಭಿಸಿದನು.

ಈ ಸಪಾತಿಸ್ತಾ ಜನರು ತಮ್ಮ ನೀತಿಯನ್ನು ‘ಮಾಂದಾರ್ ಓಬೆದೆಸಿಯೆಂದೊ’ ಎಂಬ ಎರಡು ಶಬ್ದಗಳಲ್ಲಿ ಹೇಳುತ್ತಾರೆ; ‘ವಿಧೇಯರಾಗಿಯೇ ಆಜ್ಞಾಪಿಸುವುದು’ ಎಂದರ್ಥ. ನಾವು ಮೊದಲು ನೋಡಿದ ‘ಮಾಂದಾರ್’ ಇಲ್ಲಿ ಮರಳಿ ಬಂದಿದೆ. ಕೈಗೆ ಒಪ್ಪಿಸುವುದು ಎಂಬುದಲ್ಲವೇ ಅದರ ಮೂಲಾರ್ಥ? ಒಪ್ಪಿಸಿದವರು ಯಾರೋ ಇದ್ದಾರೆ, ಅವರಿಗೆ ಲೆಕ್ಕವನ್ನು ಒಪ್ಪಿಸಬೇಕು ಎಂಬ ಎಚ್ಚರವು ಉಳಿದಲ್ಲಿ ಈ ಶಬ್ದಕ್ಕೆ ಒಂದು ಅರ್ಥ. ಆ ಎಚ್ಚರವು ಅಳಿದಲ್ಲಿ ಇನ್ನೊಂದು ಅರ್ಥ.

೭

ಇನ್ನು ಕನ್ನಡದಲ್ಲಿ ಇದನ್ನು ಬರೆಯುವ ಬಗೆ. ಮೇಲಿನ ವಿವೇಚನೆಯಿಂದ ಮೂರು ಸೂಚನೆಗಳನ್ನು ಮಾಡಬಹುದಾಗಿದೆ.

ಮೊದಲನೆಯದಾಗಿ, ಸ್ಪೇನಿನ ಸೈನ್ಯದಂತೆ ಪೂರ್ಣವಾದ ಶ್ರೇಣಿಯಿರುವ ಕಡೆ, ಆ ಶ್ರೇಣಿಯಲ್ಲಿನ ಸ್ಥಾನವನ್ನು ನೋಡಿ ‘ಮೇಜರ್’ ಎಂದೋ, ಪೆರುವಿನ ಪೊಲೀಸ್ ದಳದಂತಹ ಕಡೆ ‘ಲೆಫ್ಟಿನೆಂಟ್ ಕರ್ನಲನಿಗೆ ಸಮಾನನಾದ ಅಧಿಕಾರಿ’ ಎಂದೋ ಬರೆಯಬಹುದು. ಎರಡನೆಯದಾಗಿ, ಅಧಿಕಾರಸ್ಥಾನವನ್ನು ಮಾತ್ರ ಸೂಚಿಸುವ ಕಡೆ ಸಂದರ್ಭಾನುಸಾರವಾಗಿ ‘ದಳಪತಿ’, ‘ನೌಕೆಯ ಮುಖ್ಯಾಧಿಕಾರಿ’, ‘ಸರ್ವ ಸೇನಾಧಿಪತಿ’ ಎಂಬ ಶಬ್ದಗಳು ಸಾಕು. ಮೂರನೆಯದಾಗಿ, ಕ್ಯೂಬಾ, ನಿಕರಾಗುವ, ಚಿಯಾಪಾಸ್‌ಗಳ ಸಂದರ್ಭದಲ್ಲಿ ಭಾಷಾಂತರಿಸದೆ ‘ಕೊಮಾಂದಾಂತೆ’ ಎಂಬ ಶಬ್ದವನ್ನೇ ಉಳಿಸಿಕೊಂಡು ಮೊದಲ ಪ್ರಯೋಗದಲ್ಲಿ ಒಂದು ವಾಕ್ಯದ ವಿವರಣೆಯನ್ನು ಕೊಡುವುದು ಯುಕ್ತ. ಇಂಗ್ಲಿಷಿನ ‘ಕಮಾಂಡೆಂಟ್’, ‘ಕಮಾಂಡರ್’ ಎಂಬುವು ರೂಪದಲ್ಲಿ ಸಮೀಪವಾದರೂ ಪ್ರಯೋಜನಕ್ಕೆ ಬಾರವು. ಮೊದಲನೆಯದನ್ನು ಕೇಳಿದರೆ ನಮ್ಮ ವಾಚಕರಿಗೆ ನೆನಪಾಗುವವನು ರಾಜ್ಯದ ಮೀಸಲು ಪೊಲೀಸ್ ಪಡೆಯ ಬೆಟಾಲಿಯನ್ನಿನ ಮುಖ್ಯಾಧಿಕಾರಿ. ಎರಡನೆಯದು ನಮ್ಮ ನೌಕಾಸೈನ್ಯದ ಒಂದು ನಿಯತವಾದ ಪದವಿ.

ಒಂದು ಶಬ್ದಕ್ಕಾಗಿ ಇಷ್ಟು ವಿಸ್ತಾರವೇಕೆಂದು ಕೆಲವರು ಕೇಳಬಹುದು. ಪದವಿಯ ಹೆಸರನ್ನು ತಪ್ಪಾಗಿ ಬರೆದರೆ ಆಗುವ ನಷ್ಟವು ಒಂದು ಶಬ್ದದ ನಷ್ಟವಲ್ಲ. ಯಾರು ಯಾರಿಗೆ ಅಧೀನರಾಗಿದ್ದರು, ಯಾರು ಆ ಅಧೀನತೆಯನ್ನು ಒಪ್ಪಲಿಲ್ಲ ಎಂಬ ವಿಷಯವೇ ಅದರೊಡನೆ ನಷ್ಟವಾಗುತ್ತದೆ. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ಸಂಕ್ಷೇಪವಾಗಿ ಉತ್ತರ ಹೇಳುವುದಾದರೆ: ಅವರು ಮೇಜರ್‌ಗಳಾಗಿ ಉಳಿಯಲಿಲ್ಲ; ಅವರು ಎಂದೂ ಮೇಜರ್‌ಗಳಾಗಿರಲೇ ಇಲ್ಲ. ಅವರನ್ನು ಹಾಗೆ ಮಾಡಿದವರು ಭಾಷಾಂತರಕಾರರು.